ಕಟಿಂಗ್ ಅಂಗಡಿಯ ಮಾತಾಡುವ ಟ್ಯಾಬ್ಲೆಟ್ಟು

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಪಾದದ ಊತ ಇಳಿಯಿತೇ? ನರ್ಸಿಂಗ್ ಕಲಿಯುವವರು ರೋಗಿಗಳಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಹೇಳಿ, ತಾವು ನಿಂತಲ್ಲೇ ಎರಡು ಬಿಸ್ಕತ್ತು ತಿಂದು ಕೈ ತೊಳೆಯುತ್ತಾರೆ ಎಂಬುದು ನನಗೆ ಗೊತ್ತು. ಹಾಗೆ ಮಾಡಬೇಡ. ನಾವಿಬ್ಬರೂ ಆರೋಗ್ಯ. ಅಪ್ಪನ ಗಂಟಲಿನ ಗಾಯ ಪೂರ್ತಿ ಒಣಗಿದೆ. ಕೊರಳಿಗೆ ಬಟ್ಟೆ ಸುತ್ತಿಕೊಂಡು ಎಂಟು ಗಂಟೆಗೆಲ್ಲ ಅಂಗಡಿ ತೆಗೆಯುತ್ತಾರೆ. ಕತ್ತರಿ ಹಿಡಿದ ಕೈ ಮೊದಲಿನ ಹಾಗೇ ಓಡುತ್ತದೆ. ಆಪರೇಷನ್ನಿನಲ್ಲಿ ಹೋದ ದನಿ ಹೋಯಿತು, ಅದೊಂದು ಬಿಟ್ಟರೆ ಎಲ್ಲ ಸರಿ.

ನೀನು ಕಳಿಸಿದ ಟ್ಯಾಬ್ಲೆಟ್ ಹೇಗಿದೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಮಾತು ತೇಲಿಸಿದ್ದೇನೆ. ಇವತ್ತು ಎಲ್ಲ ಬರೆಯುತ್ತೇನೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಮೊದಲ ಹತ್ತು ದಿನ ಅಂಗಡಿಯ ಬೆಂಚಿನಲ್ಲಿ ಕೂರಲು ಜಾಗವಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ಬಾಚಣಿಗೆ ಹಿಡಿದು ಇನ್ನೊಂದು ಕೈಯ ತೋರುಬೆರಳಲ್ಲಿ ಅಕ್ಷರ ಕುಟ್ಟುವುದು, ಅದು ಹೆಂಗಸಿನ ದನಿಯಲ್ಲಿ ಕಿವಿಯ ಮೇಲೆ ಎಷ್ಟು ಬಿಡಲಿ ಎಂದು ಕೇಳುವುದು. ಈ ಅಂಗಡಿಯಲ್ಲಿ ಹೆಂಗಸಿನ ಮಾತಿಗೆ ಕೊನೆಗೂ ಬೆಲೆ ಬಂತು ಎಂದು ಎದುರುಮನೆಯ ಬಡಗಿ ನನ್ನನ್ನು ಛೇಡಿಸಿದ. ಅಪ್ಪ ಭುಜ ಕುಣಿಸಿ ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಹನ್ನೊಂದನೆಯ ದಿನ ಪರದೆ ತನ್ನಷ್ಟಕ್ಕೆ ತಾನೇ ಅಕ್ಷರ ಒತ್ತಿಕೊಳ್ಳತೊಡಗಿತು. ಒರೆಸಿದೆ, ಆರಿಸಿ ಮತ್ತೆ ಹಚ್ಚಿದೆ. ಒಂದು ಗಂಟೆ ಸರಿಯಿದ್ದು ಮತ್ತೆ ಅದೇ ರಾಗ. ಆ ಶನಿವಾರ ನಮ್ಮ ಬೀದಿಯ ಅಂಚೆಯವರು ಬಂದು ಕೂತರು. ಅವರ ತಾಯಿ ತೀರಿಕೊಂಡು ಹದಿನೈದು ದಿನವಾಗಿತ್ತು. ಅಪ್ಪ ಕತ್ತರಿ ಕೆಳಗಿಟ್ಟು, ಬೆರಳು ಒರೆಸಿಕೊಂಡು, ಅಮ್ಮ ಬಹಳ ಒಳ್ಳೆಯವರು ಎಂದು ಬರೆಯಲು ಹೊರಟರು. ಅದು 'ಅಮ್ಮ' ಎಂದಿತು. ಆಮೇಲೆ 'ಮ ಮ ಮ ಮ' ಎಂದು ಕುರಿಮರಿಯ ಹಾಗೆ ಕೂಗುತ್ತಲೇ ಹೋಯಿತು. ಬೆಂಚಿನಲ್ಲಿದ್ದ ಇಬ್ಬರು ತಡೆಯಲಾರದೆ ನಕ್ಕುಬಿಟ್ಟರು. ಅಂಚೆಯವರು ಕೆಲಸ ಮುಗಿಯುವವರೆಗೆ ಕೂತಿದ್ದು, ಕನ್ನಡಿಯನ್ನೂ ನೋಡದೆ ಎದ್ದು ಹೋದರು. ಅಪ್ಪ ಟ್ಯಾಬ್ಲೆಟ್ಟನ್ನು ಬೋರಲು ಹಾಕಿ ಟವೆಲುಗಳ ಕೆಳಗೆ ಸೇರಿಸಿಬಿಟ್ಟರು.

ಅದನ್ನು ಆನ್‌ಲೈನಿನಲ್ಲಿ ಕೊಂಡಾಗ ನಾಲ್ಕು ಸಾವಿರ ಜನ ಹೊಗಳಿದ್ದಾರಮ್ಮಾ ಎಂದು ನೀನು ಹೇಳಿದ್ದೆಯಲ್ಲ, ಆ ನಾಲ್ಕು ಸಾವಿರ ಜನ ಏನು ಹೇಳಿದ್ದಾರೆ ಎಂದು ನಾನೂ ಕನ್ನಡಕ ಹಾಕಿಕೊಂಡು ಓದಿದೆ. 'ತಾತನಿಗೆ ಉಡುಗೊರೆ ಕೊಟ್ಟೆ, ಅವರ ಸಂತೊಷ ನೋಡಬೇಕಿತ್ತು' ಎಂದು ಆರು ಜನ ಬರೆದಿದ್ದರು. ಆರು ಜನರೂ ಸಂತೋಷದ ದೀರ್ಘವನ್ನು ನುಂಗಿದ್ದರು. ಇನ್ನೊಬ್ಬರು, ಮುಚ್ಚಳ ಗಟ್ಟಿಯಾಗಿ ಕೂರುತ್ತದೆ, ಬೇಳೆ ಬೇಗ ಬೇಯುತ್ತದೆ ಎಂದಿದ್ದರು. ಕುಕ್ಕರಿಗೆ ಬಂದ ಹೊಗಳಿಕೆಯನ್ನೂ ತಂದು ಇಲ್ಲಿ ಅಂಟಿಸಿದ್ದಾರೆ. ನೀನು ಅದನ್ನೆಲ್ಲ ಓದುತ್ತಾ ಕೂರುವಷ್ಟು ಬಿಡುವಿನವಳಲ್ಲ. ನಿನ್ನ ಮೇಲೆ ನನಗೆ ಬೇಸರವಿಲ್ಲ.

ಆ ಸಿಟ್ಟಿನಲ್ಲಿ ಅದೇ ಪುಟದಲ್ಲಿ ನಾನೂ ಬರೆದೆ. ಕ್ಷೌರಿಕನ ಹೆಂಡತಿ ಎಂದು ಹೇಳಿಕೊಂಡು, ನಡೆದದ್ದನ್ನು ನಡೆದ ಹಾಗೆ ಬರೆದು ಒಂದು ನಕ್ಷತ್ರ ಕೊಟ್ಟೆ. ಮೂರನೆಯ ದಿನ ಮಾರಾಟದವರ ಕಡೆಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ದನಿ ಥೇಟ್ ನಿನ್ನ ಹಾಗೇ ಮೆತ್ತಗೆ. ಅದನ್ನು ಅಳಿಸಿ ಒಳ್ಳೆಯದು ಬರೆದು ಐದು ನಕ್ಷತ್ರ ಕೊಟ್ಟರೆ ಹೊಸ ಟ್ಯಾಬ್ಲೆಟ್ ಕಳಿಸುತ್ತೇವೆ, ಇಲ್ಲದಿದ್ದರೆ ವಾಪಸು ಪಡೆಯುವ ಗಡುವು ಮುಗಿದಿದೆ ಎಂದಳು. ಕಿಟಕಿಯಿಂದ ನೋಡಿದೆ. ಅಪ್ಪ ಒಬ್ಬ ಗಿರಾಕಿಗೆ ಕೈಸನ್ನೆ ಮಾಡಿ ಏನೋ ಕೇಳುತ್ತಿದ್ದರು, ಅವನಿಗೆ ಅರ್ಥವಾಗುತ್ತಿರಲಿಲ್ಲ. ಐದು ಒತ್ತಿದೆ. 'ನಮ್ಮವರಿಗೆ ಮಾತು ವಾಪಸು ಬಂದ ಹಾಗಾಯಿತು' ಎಂದೂ ಬರೆದೆ. ಹೊಸದು ಬಂತು. ಕಂಪನಿಯವರು ಒಳ್ಳೆಯವರು, ಕೇಳಿದ ಕೂಡಲೇ ಬದಲಿಸಿಕೊಟ್ಟರು ಎಂದು ಅಪ್ಪನಿಗೆ ಹೇಳಿದೆ.

ಕಳೆದ ಗುರುವಾರ ನಿವೃತ್ತ ಟೀಚರೊಬ್ಬರು ಗಂಡನನ್ನು ಕಟಿಂಗಿಗೆ ಕರೆತಂದರು. ಪಾರ್ಶ್ವವಾಯು ಹೊಡೆದು ಆ ಮನುಷ್ಯರ ಬಾಯಿ ಕಟ್ಟಿದೆ. ಅಪ್ಪನ ಕೈಯಲ್ಲಿದ್ದದ್ದನ್ನು ಕಂಡು ಟೀಚರ್ ಅರಳಿದರು. ಹಿಂದಿನ ದಿನವಷ್ಟೇ ತಾವೂ ಅದನ್ನೇ ಆರ್ಡರ್ ಮಾಡಿದ್ದರಂತೆ. "ಬೇರೆಯವರು ಬರೆದಿದ್ದನ್ನ ನಾನು ನಂಬ್ಲಿಲ್ಲ. ಒಬ್ಬ ಕ್ಷೌರಿಕರ ಹೆಂಡತಿ ಬರೆದಿದ್ರು ನೋಡಿ, ಅದು ನೋಡಿ ಧೈರ್ಯ ಬಂತು" ಎಂದರು. ನಾನು ಟವೆಲು ಮಡಿಸುತ್ತಲೇ ಇದ್ದೆ. ಅಪ್ಪ ನನ್ನ ಮುಖ ನೋಡಿದರು. ನಲವತ್ತು ವರ್ಷ ಜೊತೆಯಲ್ಲಿದ್ದವರಿಗೆ ಅಷ್ಟು ಸಾಕು.

ಟೀಚರ ಎದುರೇ ಎಲ್ಲ ಹೇಳಿಬಿಟ್ಟೆ. ಅವರು ಆ ಕ್ಷಣವೇ ಆರ್ಡರ್ ರದ್ದು ಮಾಡಿದರು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಂಜೆ ಅಪ್ಪ ನನ್ನ ಬರಹವನ್ನು ಅಳಿಸಿ ತಾವೇ ಬರೆದರು. ಮೊದಲನೆಯದು ಹನ್ನೊಂದೇ ದಿನಕ್ಕೆ ಕೆಟ್ಟಿತು, ಹೊಗಳಿದ್ದಕ್ಕೆ ಎರಡನೆಯದು ಕೊಟ್ಟರು, ಅದು ಸದ್ಯಕ್ಕೆ ಸರಿಯಿದೆ, ಯೋಚಿಸಿ ಕೊಳ್ಳಿ ಎಂದು. ಎರಡು ದಿನದಲ್ಲಿ ಅದು ಪುಟದಿಂದ ಮಾಯವಾಯಿತು. ನನ್ನ ಮೇಲೆ ಅವರು ಕೋಪಿಸಿಕೊಳ್ಳಲಿಲ್ಲ, ಆದರೆ ಒಂದು ದಿನ ಪೂರ್ತಿ ಟ್ಯಾಬ್ಲೆಟ್ ಮುಟ್ಟಲಿಲ್ಲ. ದನಿಯಿಲ್ಲದ ಮನುಷ್ಯ ಮಾತು ಬಿಟ್ಟರೆ ಹೇಗಿರುತ್ತದೆ ಎಂದು ನನಗೆ ಆವತ್ತು ತಿಳಿಯಿತು. ಮರುದಿನ ಬೆಳಿಗ್ಗೆ ಅದರಲ್ಲೇ ಟೀ ಕೇಳಿದರು. ಅಲ್ಲಿಗೆ ಮುಗಿಯಿತು.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ನಮ್ಮ ನೆನಪು ಹೇಳು. ಓದಿನಲ್ಲಿ ಗಟ್ಟಿಯಾಗು, ಮೈ ಕಡೆ ಗಮನವಿರಲಿ. ನಮ್ಮಿಬ್ಬರ ಆಶೀರ್ವಾದ ಯಾವಾಗಲೂ ನಿನ್ನ ಬೆನ್ನಿಗಿದೆ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಟ್ಯಾಬ್ಲೆಟ್ ಕೆಟ್ಟ ವಾರದಿಂದ ಅಪ್ಪ ಆಸ್ಪತ್ರೆಯಲ್ಲಿ ಮಾತು ಕಲಿಸುವವರ ಹತ್ತಿರ ಹೋಗುತ್ತಿದ್ದಾರೆ. ಗಾಳಿ ನುಂಗಿ ತೇಗಿನ ಹಾಗೆ ಶಬ್ದ ಹೊರಡಿಸುವುದಂತೆ. ನಾಚಿಕೆಯಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ನಾನು ಕೇಳಿಸಿಕೊಂಡಿದ್ದು ಅವರಿಗೆ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಫೋನ್ ಬೇಕೆಂದು ಕೇಳಿದ್ದಾರೆ, ನನ್ನ ನಂಬರಿನಿಂದ ನಿನಗೆ ಫೋನ್ ಬರುತ್ತದೆ. ಆ ಕಡೆಯಿಂದ ಬರೀ ಗೊರಗೊರ ಎಂದರೆ ಲೈನ್ ಸರಿಯಿಲ್ಲ ಎಂದು ಇಟ್ಟುಬಿಡಬೇಡ. ಎಷ್ಟು ಹೊತ್ತಾದರೂ ಕಾಯಿ. ಅವರು ಕಲಿಯುತ್ತಿರುವುದು ನಿನ್ನ ಹೆಸರನ್ನ.