ನಮ್ಮನೆಯ ಗಡ್ಡ

ನುಸೈಬಾ ಮಗಳೇ,

ಬ್ರಾಡ್‌ಫೋರ್ಡಿನಿಂದ ನಿನ್ನ ಚಾಚಾನ ಸಲಾಮು. ಸೋಮವಾರದಿಂದ ನೀನು ಆಸ್ಪತ್ರೆಯ ಮುಸ್ಲಿಂ ಚಾಪ್ಲೇನ್ ಆಗುತ್ತೀಯೆಂದು ನಿನ್ನಪ್ಪ ಫೋನಿನಲ್ಲಿ ಕೂಗಿ ಹೇಳಿದ. ರೋಗಿಗಳ, ನರ್ಸುಗಳ ಮಗ್ಗುಲಲ್ಲಿ ಕೂತು ಧೈರ್ಯ ತುಂಬುವ ಕೆಲಸ. "ಕಷ್ಟದ ಪ್ರಶ್ನೆ ಕೇಳಿದ್ರೆ ಏನು ಹೇಳ್ಲಿ?" ಎಂದು ಹೆದರಿದ್ದೀಯಂತೆ. ಬಸ್ಸು ಓಡಿಸಿಕೊಂಡಿದ್ದ ನಾನೇ ಅಗ್ನಿಶಾಮಕ ಠಾಣೆಯವರಿಗೆ ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ಓದಿದವಳು ನೀನು, ನಿನಗೇಕೆ ಭಯ?

ನಮ್ಮ ಠಾಣೆಯಲ್ಲಿ ಬೆಂಕಿ ಆರಿಸುವ ಹುಡುಗ ಹಾರಿಸ್‌ನ ವಿಷಯ ಹೇಳುತ್ತೇನೆ. ಹೊಗೆಯೊಳಗೆ ನುಗ್ಗುವವರ ಮಾಸ್ಕ್ ಮುಖಕ್ಕೆ ಕಚ್ಚಿ ಕೂರಬೇಕಾದರೆ ಗಡ್ಡ ಇರಬಾರದು. ಅವನು ಬೋಳಿಸಿದ. ಗಡ್ಡ ತೆಗೆಯುವುದು ಧರ್ಮಕ್ಕೆ ವಿರುದ್ಧವೆಂದು ಅವನಪ್ಪ ಮುಖ್ತಾರ್ ಸಾಹೇಬರು ಮಗನೊಡನೆ ಮಾತು ಬಿಟ್ಟರು. ಮಗ ಊಟಕ್ಕೆ ಕೂತರೆ ಇವರು ತಟ್ಟೆ ಹಿಡಿದು ಎದ್ದುಹೋಗುತ್ತಿದ್ದರು. ಕೊನೆಗೆ ಹಾರಿಸ್ ನನ್ನ ಬಳಿ ಬಂದ. "ಚಾಚಾ, ನಾಳೆ ರಾಜೀನಾಮೆ ಕೊಡ್ತೀನಿ. ಬೆಂಕಿ ತಡ್ಕೋಬಹುದು, ಅಬ್ಬಾನ ಮೌನ ನನ್ ಕೈಲಾಗಲ್ಲ."

ನಾನು ಧರ್ಮದ ಕಿತಾಬು ತೆರೆಯಲಿಲ್ಲ. ಮುಖ್ತಾರರ ಮನೆಗೆ ಹೋಗಿ ಚಹಾ ಕುಡಿದೆ. "ಏನು ಡ್ರೈವರ್ ಸಾಬ್, ಫತ್ವಾ ತಂದಿದ್ದೀರಾ?" ಎಂದು ಚುಚ್ಚಿದರು. "ಇಲ್ಲ, ಕಾರು ತಂದಿದ್ದೀನಿ. ಏಳಿ," ಎಂದೆ.

ಠಾಣೆಯ ಅಂಗಳದಲ್ಲಿ ಹಾರಿಸನೇ ಅಪ್ಪನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮಾಸ್ಕ್ ಬಿಗಿದ. ಆ ಬಿಳಿ ಗಡ್ಡದ ಸಂದಿಯಿಂದ ಗಾಳಿ ಸುಯ್ಯೆಂದು ಸೋರತೊಡಗಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಗಾಳಿಯ ಮಟ್ಟ ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು. ಮಾಸ್ಕ್ ಕಿತ್ತು ಕೇಳಿದರು: "ಹೊಗೆಯೊಳಗೆ ಹೋದಾಗ್ಲೂ ಗಾಳಿ ಹೀಗೇ ಸೋರತ್ತಾ?"

"ಹೂಂ ಅಬ್ಬಾ."

ಎಷ್ಟೋ ತಿಂಗಳ ಮೇಲೆ ಅವರಿಬ್ಬರ ನಡುವಿನ ಮೊದಲ ಮಾತು ಅದು. ಮುದುಕರು ಗಡ್ಡ ನೀವಿಕೊಳ್ಳುತ್ತ ನಿಂತರು. ನನ್ನ ನಾಲಿಗೆ ತುದಿಯಲ್ಲಿ ನೂರು ಮಾತಿದ್ದವು, ನುಂಗಿಕೊಂಡೆ. ಆಮೇಲೆ ಮಗನ ನುಣುಪು ಗಲ್ಲ ಸವರಿ ಅವರೇ ಹೇಳಿದರು: "ನಮ್ಮನೆ ಗಡ್ಡ ನಾನು ನೋಡ್ಕೋತೀನಿ. ಬೆಂಕಿ ನೀನು ನೋಡ್ಕೋ."

ಅಂದು ಸಂಜೆ ಅಪ್ಪ-ಮಗ ಒಂದೇ ತಟ್ಟೆಯಲ್ಲಿ ಬಿರಿಯಾನಿ ಉಂಡರು. ನನಗೆ ತಟ್ಟೆ ಕೊಡುವುದನ್ನೇ ಮರೆತರು!

ಅದಕ್ಕೇ ಹೇಳುತ್ತೇನೆ, ಉತ್ತರ ನಿನ್ನ ಬಾಯಲ್ಲೇ ಇರಬೇಕೆಂದಿಲ್ಲ. ಅದು ಇರುವ ಕಡೆಗೆ ಜನರನ್ನು ಕರೆದುಕೊಂಡು ಹೋಗು, ಜೊತೆಗೆ ನಿಲ್ಲು. ಹೋಗಿ ಬಾ ಮಗಳೇ. ನಿನ್ನ ಪಕ್ಕ ಕೂತವರು ಹಗುರಾಗಿ ಏಳುವಂತೆ ಅಲ್ಲಾಹ್ ಮಾಡಲಿ.

ನಿನ್ನನ್ನು ನೆನೆದು ಈಗಲೇ ಬೀಗುತ್ತಿರುವ,
ಇದ್ರೀಸ್ ಚಾಚಾ