ಆಫ್ ಎಂಬ ಬಾಲ

ಗೋದಾವರಿಗೆ,

ಕ್ಷೇಮ ಕೇಳುವ ಹಕ್ಕು ನನಗಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರಬೇಕು ಎಂದುಕೊಂಡೇ ಕುಳಿತೆ. ಆದರೆ ನಾನು ನೇರವಾಗಿ ವಿಷಯಕ್ಕೆ ಬಂದದ್ದು ಯಾವಾಗ? ಒಂದು ಕಿಲೋ ಅಕ್ಕಿ ಮುಗಿಯಿತು ಎನ್ನಲಿಕ್ಕೂ ಇವರು ಪುತ್ತೂರು ಪೇಟೆ ಇಡೀ ಸುತ್ತಿ ಬರ್ತಾರೆ ಎಂದು ನೀನೇ ಬಂದವರ ಮುಂದೆ ಹೇಳುತ್ತಿದ್ದೆ. ಇವತ್ತೂ ಸ್ವಲ್ಪ ಸುತ್ತಬೇಕಾಗಿದೆ.

ಪುತ್ತೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು, ಕ್ರಿಯಾಪದ ಎಂಬುದು ದನ, ಅದರ ಹಿಂದೆ ಬರುವ ಅಪ್, ಆಫ್, ಔಟ್ ಎಲ್ಲ ಬಾಲ, ನೀವು ಬಾಲ ನೋಡಿ ದನ ಗುರುತಿಸಬೇಕು ಎಂದು. ಪುಟ್ ಎಂದರೆ ಇಡುವುದು. ಪುಟ್ ಆಫ್ ಎಂದರೆ ಮುಂದೂಡುವುದು. ಪುಟ್ ಔಟ್ ಎಂದರೆ ದೀಪ ಆರಿಸುವುದು. ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳುವುದು. ಮದುವೆಯ ಹೊಸತರಲ್ಲಿ ನಿನ್ನ ಹೆಸರು ಹಾಕಿ ವಾಕ್ಯ ಮಾಡಿದ್ದೆ: ಗೋದಾವರಿ ಪುಟ್ಸ್ ಅಪ್ ವಿತ್ ಮೀ. ಅರ್ಥ ಕೇಳಿಕೊಂಡು ನೀನು, "ಇದಕ್ಕೆ ಇಂಗ್ಲಿಷ್ ಎಂತಕ್ಕೆ, ಊರಿಗೇ ಗೊತ್ತುಂಟಲ್ಲ" ಎಂದಿದ್ದೆ.

ಆಫ್ ಎಂಬ ಬಾಲದ ಬಗ್ಗೆ ನನಗೆ ನೆನಪುಳಿದದ್ದು ಇಷ್ಟೇ. ಅದು ಬಂದರೆ ಏನೋ ಒಂದು ನಿಂತಿತು ಎಂದು ಅರ್ಥ. ಸ್ವಿಚ್ ಆಫ್, ಕಟ್ ಆಫ್, ಕಾಲ್ ಆಫ್. ಮೂರನೇ ವರ್ಷಕ್ಕೆ ನಾನು ಹೋಗಲಿಲ್ಲ. ಆ ಅರ್ಧ ನೆನಪಿನ ಮೇಲೆಯೇ ಆಲಂಕಾರಿನಲ್ಲಿ ಮೂವತ್ತು ವರ್ಷ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸಿದೆ. ಬ್ಯಾಂಕಿನ ನೋಟೀಸು, ಇನ್ಶೂರೆನ್ಸಿನ ಕಾಗದ, ಯಾರದೋ ಮಗನ ವೀಸಾ, ಎಲ್ಲವನ್ನೂ ತಂದು ನನ್ನ ಮುಂದೆ ಹಿಡಿಯುತ್ತಿದ್ದರು. ಯಾರ್ಯಾರಿಗೆ ಏನೇನು ತಪ್ಪು ಓದಿ ಹೇಳಿದ್ದೇನೋ ದೇವರಿಗೇ ಗೊತ್ತು. ನನ್ನ ಇಂಗ್ಲಿಷನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ನೀನು.

ನಿನ್ನ ಶ್ವಾಸಕೋಶ ಸೋತ ಮೇಲೆ ಪುತ್ತೂರಿನ ಹಕೀಮ್ ಬಾಡಿಗೆಗೆ ಕೊಡುವ ಆಕ್ಸಿಜನ್ ಮೆಷಿನ್ ನಿನ್ನ ಮಂಚದ ಪಕ್ಕಕ್ಕೆ ಬಂತು. ಹೆಚ್ಚುಕಮ್ಮಿ ಆದರೆ ಇರಲಿ ಎಂದು ಮೂಲೆಯಲ್ಲಿ ತುಂಬಿದ ಸಿಲಿಂಡರು. ಮೆಷಿನಿನ ಮೇಲೊಂದು ಚೀಟಿ ಅಂಟಿಸಿತ್ತು: ಇಫ್ ದಿ ಅಲಾರಂ ಗೋಸ್ ಆಫ್, ಸ್ವಿಚ್ ಓವರ್ ಟು ದಿ ಸಿಲಿಂಡರ್. ಹಕೀಮ್ ವಿವರಿಸಲು ಬಾಯಿ ತೆರೆದಾಗ ನಾನು, "ನಂಗೆ ಓದ್ಲಿಕ್ಕೆ ಬರ್ತದೆ ಮಾರಾಯ" ಎಂದು ಕೈ ಅಡ್ಡ ಮಾಡಿದೆ. ಅಲಾರಂ ನಿಂತರೆ ಸಿಲಿಂಡರಿಗೆ ಬದಲಾಯಿಸಬೇಕು ಎಂದು ನಿನಗೆ ಅರ್ಥವನ್ನೂ ಹೇಳಿಕೊಟ್ಟೆ.

ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅದು ಹೊಡೆದುಕೊಳ್ಳಲು ಶುರುಮಾಡಿತು. ಮೂರು ಸಲ ಬೀಪ್, ಒಂದು ಬಿಡುವು, ಮತ್ತೆ ಮೂರು. ನೀನು ಕಣ್ಣು ಬಿಟ್ಟು, "ಅದು ಯಾರನ್ನೋ ಕರಿತಾ ಉಂಟು, ಕೇಳಿತಾ" ಎಂದೆ. "ಕರಿಯಲಿ. ಅದು ನಿಂತ್ರೆ ಮಾತ್ರ ಹೆದರ್ಬೇಕು" ಎಂದು ನಾನು ಹೇಳಿದೆ. ನೀನು ಮತ್ತೆ ಕಣ್ಣು ಮುಚ್ಚಿಕೊಂಡೆ. ಮುಕ್ಕಾಲು ಗಂಟೆ ನಾನು ಆ ಸದ್ದು ಕೇಳುತ್ತಾ, ಎಲ್ಲ ಸರಿ ಉಂಟು ಎಂದುಕೊಂಡು, ಪೇಪರ್ ಓದಿದೆ. ಆಮೇಲೆ ಮೆಷಿನ್ ಪೂರ್ತಿ ನಿಂತಿತು. ತಕ್ಷಣ ಎದ್ದು, ಚೀಟಿಯಲ್ಲಿ ಇದ್ದಂತೆಯೇ, ಪೈಪನ್ನು ಸಿಲಿಂಡರಿಗೆ ಸಿಕ್ಕಿಸಿದೆ. ಪೈಪು ನಿನ್ನ ಮೂಗಿನಲ್ಲೇ ಇತ್ತು. ಉಸಿರು ಇರಲಿಲ್ಲ.

ಇವತ್ತಲ್ಲದಿದ್ದರೆ ನಾಳೆ ಆಗುತ್ತಿತ್ತು ಎಂದರು ಡಾಕ್ಟರು. ಸುಳ್ಯದಿಂದ ಓಡಿಬಂದ ನಮ್ಮ ದೀಪಶ್ರೀ, "ಅಪ್ಪ ಹತ್ರವೇ ಇದ್ದ ಕಾರಣ ಅಮ್ಮನಿಗೆ ಎಂತದೂ ಕಮ್ಮಿ ಆಗ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳಿದಳು. ನಾನೂ ಹಾಗೆಯೇ ನಂಬಿದ್ದೆ, ಹೋದ ತಿಂಗಳವರೆಗೆ.

ಪಕ್ಕದ ಮನೆಯ ಪ್ರೀತಿಕಾ ನಿನಗೆ ಗೊತ್ತಲ್ಲ, ನರ್ಸ್. ಹೊರದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ದಿನಬಳಕೆಯ ವಾಕ್ಯಗಳ ಪುಸ್ತಕ ಹಿಡಿದುಕೊಂಡು ಬಂದು ನನ್ನೆದುರು ಓದಿದಳು: ದಿ ಅಲಾರಂ ವೆಂಟ್ ಆಫ್ ಆಂಡ್ ಐ ಗಾಟ್ ಅಪ್. ಪ್ರಿಂಟಿನಲ್ಲಿ ತಪ್ಪಾಗಿದೆ ಎಂದೆ ನಾನು. ಅಲಾರಂ ನಿಂತರೆ ಯಾರಾದರೂ ಏಳುತ್ತಾರಾ ಎಂದು ಕೇಳಿದೆ.

"ಗೋ ಆಫ್ ಅಂದ್ರೆ ನಿಲ್ಲುದಲ್ಲ ಮಾಮ, ಹೊಡ್ಕೊಳ್ಳುದು. ನೀವು ನಂಗೆ ಕಲಿಸುದಾ, ನಾನು ನಿಮಗಾ?" ಎಂದು ನಗುತ್ತಿದ್ದವಳು ತಲೆ ಎತ್ತಿದಳು. "ನಿಮ್ಮ ಕೋಣೆಯಲ್ಲಿ ಎಂತದೋ ಹೊಡ್ಕೊಳ್ತಾ ಉಂಟಲ್ಲ."

ಕೋಣೆಯಲ್ಲಿ ಇದ್ದದ್ದು ಖಾಲಿ ಮಂಚ. ಗಂಟೆ ಹತ್ತು. ಮೂರು ಸಲ, ಒಂದು ಬಿಡುವು, ಮತ್ತೆ ಮೂರು.

ಅಂದಿನಿಂದ ದಿನವೂ, ಮುಕ್ಕಾಲು ಗಂಟೆ. ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿದೆ. ಗೋಡೆ ಗಡಿಯಾರದ ಸೆಲ್ ತೆಗೆದಿಟ್ಟೆ. ಕಿವಿಗೆ ಹತ್ತಿ ತುರುಕಿಕೊಂಡೆ. ಹತ್ತಿಯ ಒಳಗೆ ಇನ್ನೂ ಸ್ಪಷ್ಟವಾಗಿ ಕೇಳಿತು. ಕೊನೆಗೆ ತಡೆಯಲಾರದೆ ಹಕೀಮನಿಗೆ ಫೋನ್ ಮಾಡಿ ಆ ಮೆಷಿನ್ ಎಲ್ಲಿದೆ ಎಂದು ಕೇಳಿದೆ.

"ರಿಪೇರಿ ಮಾಡಿಸಿ ಕಾಣಿಯೂರಿಗೆ ಕೊಟ್ಟಾಯ್ತು ಶಂಕರಣ್ಣ, ತ್ಯಾಂಪಣ್ಣ ಗೌಡ್ರ ಮನೆಗೆ. ಅವ್ರ ಅಮ್ಮನಿಗೆ."

ಚೀಟಿ ತೆಗೆದಿದ್ದೀಯಾ ಎಂದು ಕೇಳಿದೆ. ಅದು ಅದರಲ್ಲೇ ಉಂಟು ಎಂದ.

ಮರುದಿನ ಕಾಣಿಯೂರಿಗೆ ಹೋದೆ. ತ್ಯಾಂಪಣ್ಣ ಗೌಡರು ಅಂಗಳದಲ್ಲೇ ಸಿಕ್ಕಿದರು. ಒಳಗೆ ಅವರ ತಾಯಿ ಪೂವಮ್ಮ ಮಂಚದಲ್ಲಿ, ಪಕ್ಕದಲ್ಲಿ ಅದೇ ಮೆಷಿನ್ ಗುರುಗುಟ್ಟುತ್ತಿತ್ತು. ಚೀಟಿ ತೋರಿಸಿ, ಇದು ಅರ್ಥವಾಗಿದೆಯಾ ಎಂದು ಕೇಳಿದೆ.

"ಆಫ್ ಆದ್ರೆ ಸಿಲಿಂಡರ್ ಹಾಕ್ಬೇಕು ಅಂತ ಅಲ್ವಾ? ಅಷ್ಟು ಇಂಗ್ಲಿಷ್ ನಂಗೂ ಬರ್ತದೆ ಮಾರಾಯ್ರೆ."

ನಾನು ಬರೆದು ತಂದಿದ್ದ ಚೀಟಿಯನ್ನು ಅದರ ಮೇಲೆಯೇ ಅಂಟಿಸಿದೆ. ಇದು ಹೊಡೆದುಕೊಂಡರೆ ತಡಮಾಡದೆ ಸಿಲಿಂಡರಿಗೆ ಬದಲಾಯಿಸಿ, ಎಂದು ದೊಡ್ಡ ಅಕ್ಷರದಲ್ಲಿ. "ಆಲಂಕಾರಿಂದ ಬಸ್ಸು ಹತ್ತಿ ಬಂದದ್ದು ಇದಕ್ಕಾ?" ಎಂದು ಅವರು ನಕ್ಕರು. ಆಗ ಮೊದಲ ಸಲ ಬಾಯಿಬಿಟ್ಟು ಹೇಳಿದೆ, ನಾನೂ ನಿಮ್ಮ ಹಾಗೆಯೇ ಓದಿದೆ, ನನ್ನ ಹೆಂಡತಿ ಹೋದಳು ಎಂದು. ಅವರ ನಗು ಹೋಯಿತು. ಕುರ್ಚಿ ಎಳೆದುಕೊಟ್ಟರು.

ಮಂಚದಿಂದ ಪೂವಮ್ಮ, "ಆ ಅಕ್ಕನಿಗೂ ಒಂದು ಕುರ್ಚಿ ಕೊಡು ಮಗಾ. ಮೆಷಿನ್ ಬಂದಲ್ಲಿಂದ ನೆಲದಲ್ಲೇ ಕೂರುದು ಪಾಪ" ಎಂದರು.

ಉಸಿರು ಕಮ್ಮಿಯಾದಾಗ ಹೀಗೆಲ್ಲ ಕಾಣುತ್ತದಂತೆ ಎಂದು ಗೌಡರು ತಗ್ಗಿದ ದನಿಯಲ್ಲಿ ನನಗೆ ಸಮಾಧಾನ ಹೇಳಿದರು. ಆದರೆ ಪೂವಮ್ಮ ನಿಲ್ಲಿಸಲಿಲ್ಲ. "ದಿನಾ ಹತ್ತು ಗಂಟೆಗೆ ಬರ್ತಾರೆ. ಮಾತಿಲ್ಲ ಕತೆಯಿಲ್ಲ. ಮೆಷಿನಿನ ಮೇಲೆ ಕೈ ಇಟ್ಕೊಂಡು ಕೂರ್ತಾರೆ, ಮಗುವಿಗೆ ಜ್ವರ ಉಂಟಾ ನೋಡುವ ಹಾಗೆ."

ಸೀರೆಯ ಬಣ್ಣ ಯಾವುದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದರು.

ಬಸ್ಸಿನಲ್ಲಿ ಬರುವಾಗ ಇಡೀ ದಾರಿ ನನಗೆ ಹೊಟ್ಟೆಕಿಚ್ಚಾಯಿತು, ನಗಬೇಡ. ಈ ಒಂದು ತಿಂಗಳು ನೀನು ನನ್ನನ್ನು ಕಾಡುತ್ತಿದ್ದಿ ಎಂದುಕೊಂಡು ಹೆದರಿದ್ದೆ, ಒಳಗೊಳಗೆ ಸ್ವಲ್ಪ ಸಂತೋಷವನ್ನೂ ಪಟ್ಟಿದ್ದೆ. ನೀನು ಮನೆಗೆ ಬಂದೇ ಇರಲಿಲ್ಲ, ಆ ಸದ್ದು ನನ್ನನ್ನು ಅಲ್ಲಿಗೆ ಕರೆದದ್ದು ಅಷ್ಟೇ. ಗುರುತಿಲ್ಲದ ಒಬ್ಬರ ಮಂಚದ ಪಕ್ಕ ತಣ್ಣನೆಯ ನೆಲದಲ್ಲಿ ಕುಳಿತು, ಅವರ ಮಗ ನನ್ನ ಹಾಗೆ ಓದದಿರಲಿ ಎಂದು ಕಾಯುತ್ತಿದ್ದೆ.

ಇನ್ನು ಕಾಯಬೇಡ. ಚೀಟಿ ಕನ್ನಡದಲ್ಲುಂಟು, ನಾನು ಹೊರಡುವ ಮೊದಲು ಗೌಡರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ನಾಳೆ ಸುಳ್ಯಕ್ಕೆ ಹೋಗಿ ದೀಪಶ್ರೀಯನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ. ಆಮೇಲೆ ನನ್ನನ್ನು ಅಪ್ಪ ಎನ್ನುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಹೊರಟವರಿಗೆ ನಾವು ಯಾರೂ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಬಾ ಎಂದು ಸೇರಿಸಲು ಕೈ ತುಂಬ ಎಳೆಯಿತು. ಸೇರಿಸಿಲ್ಲ.

ನೆಮ್ಮದಿಯಾಗಿ ಹೋಗು, ಗೋದಾವರಿ.

ನೀನು ನಂಬಿದ್ದ
ಗೌರೀಶಂಕರ