ಒಂದೇ ಪೆಟ್ಟಿಗೆ ಸಾಕು ಅಂತಿದ್ದ ಪೂವಿಗೆ

ಗೆಳೆಯಾ ಪೂವಿ,

ಹೊಸ ಸ್ಪೀಕರ್ ತಗೊಂಡೆ. ಮೊದಲು ಯಾರಿಗೆ ಹೇಳಲಿ ಅಂತ ಫೋನ್ ಕೈಗೆತ್ತಿಕೊಂಡರೆ ಬೆರಳು ನಿನ್ನ ಹೆಸರಿಗೇ ಹೋಯಿತು. ಆಮೇಲೆ ನೀನಿಲ್ಲ ಅನ್ನುವುದು ನೆನಪಾಯಿತು. ಈಗೀಗ ಎಲ್ಲವೂ ಇದೇ ಕ್ರಮದಲ್ಲಿ ಆಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವುದಕ್ಕೆ ನೀನು ಮಹಾ ಸೋಮಾರಿ, ಗೊತ್ತು. ಈಗಲಾದರೂ ಪುರುಸೊತ್ತಿದೆಯಲ್ಲ, ಓದು.

ಮಾಕುಟ್ಟದ ಚೆಕ್‌ಪೋಸ್ಟ್ ನೆನಪಿದೆಯಾ? ಕೇರಳದ ಕಡೆ ಯಾರದೋ ಆಲ್ಬಂ ಮಿಕ್ಸಿಂಗ್ ಮುಗಿಸಿಕೊಂಡು ನಿನ್ನ ಜೀಪಿನಲ್ಲಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮ ಎರಡು ದೊಡ್ಡ ಸ್ಪೀಕರ್‌ಗಳು ಕಂಬಳಿ ಹೊದ್ದು ಕೂತಿದ್ದವು. "ಪೆಟ್ಟಿಗೇಲಿ ಎಂತ ಉಂಟು?" ಅಂದ ಗಾರ್ಡು. "ಹಾಡು ಉಂಟು" ಅಂದೆ ನೀನು. ಅವನು ನಗಲಿಲ್ಲ. ಎರಡನ್ನೂ ಇಳಿಸಿ, ಅವರದೇ ಪ್ಲಗ್ಗಿಗೆ ಸಿಕ್ಕಿಸಿ, ಒಂದು ಹಾಡು ಪೂರ್ತಿ ಕೇಳಿಸಿದ ಮೇಲೆ ಬಿಟ್ಟ. ಜೀಪು ಹತ್ತುವಾಗ ನಿನ್ನದು ಶುರುವಾಯಿತು. "ನಾನು ಹೇಳಲಿಲ್ವಾ ಮಾರಾಯ, ಒಂದೇ ಪೆಟ್ಟಿಗೆ ಸಾಕು ಅಂತ. ಒಂದೇ ಇದ್ದಿದ್ರೆ ಬೇಗ ಬಿಡ್ತಿದ್ದ." ಮಡಿಕೇರಿ ಬರುವ ತನಕ ಅದೇ ಜಗಳ.

ನಿನಗೆ ಒಂದೇ ಸಾಕಾಗುತ್ತಿತ್ತು, ನಿಜ. ಚಿಕ್ಕಂದಿನಲ್ಲಿ ಕೆರೆಯಲ್ಲಿ ಬಿದ್ದುಕೊಂಡಿದ್ದು, ಕಿವಿ ಸೋರಿ ಸೋರಿ ಎಡಗಿವಿ ಹೋಗಿತ್ತು. ಎಡದಲ್ಲಿ ಕೊಳಲು, ಬಲದಲ್ಲಿ ದುಡಿ ಅಂತ ನಾನು ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿದರೆ ನೀನು ಆಕಳಿಸುತ್ತಿದ್ದೆ. ಎಲ್ಲ ಮುಗಿದ ಮೇಲೆ ನನ್ನ ಬಲಕ್ಕೆ ಕುರ್ಚಿ ಎಳೆದುಕೊಂಡು, "ಈಗ ಎರಡನ್ನೂ ಸೇರಿಸಿ ಒಂದಕ್ಕೇ ಹಾಕು, ಕೇಳುವ" ಅನ್ನುತ್ತಿದ್ದೆ. ಪಾಪ, ಇವನ ಕಿವಿಗಾಗಿ ಅಂತ ಹಾಕುತ್ತಿದ್ದೆ. ಊರವರಿಗೆಲ್ಲ "ಇವನು ಶಿವು, ನನ್ನ ಎಡಗಿವಿ" ಅಂತ ನನ್ನ ಪರಿಚಯ ಮಾಡಿಸುತ್ತಿದ್ದೆಯಲ್ಲ, ಎಷ್ಟು ರೇಗುತ್ತಿತ್ತು ಆಗ. ಈಗ ಹಾಗೆ ಕರೆಯುವವರು ಯಾರಿದ್ದಾರೆ ಹೇಳು?

ನಿಮ್ಮ ಮನೆ ಜಗಲಿಯಲ್ಲಿ ಮದುವೆ ಹಾಡು ರೆಕಾರ್ಡ್ ಮಾಡಿದ ದಿನ ನಿನ್ನ ಅವ್ವ ಎಷ್ಟು ನಾಚಿಕೊಂಡಿದ್ದರು! ನಿನ್ನ ತಂಗಿಯ ಮದುವೆಯಲ್ಲಿ ಅವ್ವನ ಹಾಡೇ ಕೇಳಬೇಕು ಅಂತ ಹಟ ನಿನ್ನದು. ನಿಮ್ಮ ಹಳೆಯ ಹಾಡುಗಳು ಒಬ್ಬರೇ ಹಾಡುವಂಥವಲ್ಲ. ಒಂದು ಕಡೆಯವರು ಹೇಳಿದ ಸಾಲನ್ನು ಎದುರಿನವರು ತಿರುಗಿ ಹೇಳಬೇಕು. "ನನ್ನ ಎದುರು ಯಾರು ಹೇಳುದು?" ಅಂದರು ಅವ್ವ. "ನಾನಿಲ್ವಾ?" ಅಂದೆ ನೀನು. ಅವರು ಹೇಳಿದರು, ನೀನು ತಿರುಗಿ ಹೇಳಿದೆ. ದನಿಗಳನ್ನೂ ದುಡಿಯನ್ನೂ ಹದಕ್ಕೆ ಸೇರಿಸಿ ಮಿಕ್ಸ್ ಮಾಡಲು ಕೂರುವ ಮೊದಲೇ ನೀನು ಜ್ವರ ಅಂತ ಮಲಗಿದೆ. ಎದ್ದ ಮೇಲೆ ಮಾಡುವ ಅಂದಿದ್ದೆ. ಆಮೇಲೆ…

ಮದುವೆ ಹತ್ತಿರ ಬಂತು. ಹಾಡು ಹಾಗೇ ಇತ್ತು. ನನಗೆ ಜೀಪು ಓಡಿಸಲು ಬರುವುದಿಲ್ಲ. ಆ ದೊಡ್ಡ ಪೆಟ್ಟಿಗೆಗಳನ್ನು ನಾನಿರುವ ಸೋಮವಾರಪೇಟೆಯಿಂದ ಪಾಲಿಬೆಟ್ಟದ ನಿಮ್ಮ ಮನೆ ತನಕ ಬಸ್ಸಿನಲ್ಲಿ ಹೊತ್ತು ತಿರುಗಲು ಆಗುತ್ತದಾ? ಮಡಿಕೇರಿಯ ಅಂಗಡಿಗೆ ಹೋದೆ. ಅಂಗಡಿಯಾಕೆ ಒಂದಾದ ಮೇಲೊಂದು ತೆಗೆದು ಇಟ್ಟರು. ಒಂದಕ್ಕೆ ಹಿಂದೆ ತೂತು, ಗೋಡೆಗೆ ಒತ್ತಿಸಿ ಇಟ್ಟರೆ ಗುಂಯ್ ಅನ್ನುತ್ತದೆ. ಇನ್ನೊಂದಕ್ಕೆ ವೈರೇ ಬೇಡ, ಆದರೆ ಲ್ಯಾಪ್‌ಟಾಪ್ ಪರದೆಯಲ್ಲಿ ದುಡಿಯ ಪೆಟ್ಟು ಬಿದ್ದು ಒಂದು ಗಳಿಗೆ ಆದ ಮೇಲೆ ಶಬ್ದ ಬರುತ್ತದೆ. ಕೊನೆಗೆ ಅಂಗೈ ಅಗಲದ ಒಂದು ಜೋಡಿ ಸಿಕ್ಕಿತು. ಗುಂಯ್‌ಗುಟ್ಟುವುದಿಲ್ಲ, ಸುಳ್ಳು ಹೇಳುವುದಿಲ್ಲ, ಬಟ್ಟೆಯ ಜೊತೆ ಬ್ಯಾಗಿನಲ್ಲಿ ಹಿಡಿಯುತ್ತದೆ. ಕರೆಂಟು, ಸ್ವಿಚ್ಚು, ಗುಂಡಿ ಎಲ್ಲ ಬಲಗಡೆಯದರಲ್ಲಿ. ಎಡದ್ದು ಅದರಿಂದ ಬರುವ ವೈರು ಹಿಡಿದುಕೊಂಡು ಅದು ಹೇಳಿದ ಹಾಗೆ ಕೇಳುತ್ತದೆ, ಅಷ್ಟೆ. "ಒಂದೇ ಕೊಡ್ತೀರಾ?" ಅಂತ ಬಾಯಿಗೆ ಬಂದಿತ್ತು, ನಿನ್ನ ನೆನಪಿಗೆ. ನುಂಗಿಕೊಂಡೆ.

ಅಲ್ಲೇ ಲಾಡ್ಜಿನಲ್ಲಿ ರೂಮು ಹಿಡಿದೆ. ಟವೆಲ್ ಮಡಚಿ ಅದರ ಮೇಲೆ ಎರಡನ್ನೂ ಇಟ್ಟು ಹಾಡು ಹಾಕಿದೆ. ಅವ್ವನ ದನಿ ನೆಟ್ಟಗೆ ನಡುವೆ ಬಂದು ನಿಂತಿತು. ನಿನ್ನದು ಮಾತ್ರ ಯಾಕೋ ಬಾಗಿಲಾಚೆ ನಿಂತವನ ಹಾಗೆ, ತೆಳ್ಳಗೆ. ನನಗೆ ತಡೆಯಲಿಲ್ಲ. ನಿನ್ನ ದನಿಯನ್ನು ಎಳೆದು ಎರಡೂ ಕಡೆಗೆ ಹರಡಿದೆ, ಇನ್ನೂ ಹರಡಿದೆ. ರೂಮು ತುಂಬ ನೀನೇ ಆದೆ. ಕಣ್ಣು ಮುಚ್ಚಿದರೆ ಎಡಕ್ಕೂ ನೀನು, ಬಲಕ್ಕೂ ನೀನು. ಅತ್ತುಬಿಟ್ಟೆ ಕಣೋ. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ ಅನ್ನಿಸಿತು.

ಮಾರನೇ ದಿನ ಪಾಲಿಬೆಟ್ಟಕ್ಕೆ ಹೋದೆ. ಅವ್ವ ಕಾಫಿ ಕೊಟ್ಟು, "ನನ್ನ ಫೋನಿಗೆ ಹಾಕಿಕೊಡು" ಅಂದರು. ಆ ಹಳೇ ಫೋನನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಕೇಳಿದರು. ಅವರ ಸಾಲು ಬಂತು. ಆಮೇಲೆ ಬರೀ ದುಡಿ. ಮತ್ತೆ ಅವರ ಸಾಲು. ಮತ್ತೆ ಬರೀ ದುಡಿ. ಅವ್ವ ಫೋನು ಎತ್ತಿ ಅಲ್ಲಾಡಿಸಿದರು.

"ಶಿವು, ಅವನೆಲ್ಲಿ? ನಾನೊಬ್ಬಳೇ ಹೇಳ್ತಾ ಇದ್ದೇನಲ್ಲ?"

ತಪ್ಪು ನನ್ನದೇ. ಅತಿಯಾಗಿ ಹರಡಿದ್ದೆನಲ್ಲ, ಎಡದ ಪೂವಿ ಮತ್ತು ಬಲದ ಪೂವಿ, ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುವ ಹಾಗೆ, ಒಂದಕ್ಕೊಂದು ತಿರುಗಿ ನಿಂತಿದ್ದವು. ಎರಡು ಸ್ಪೀಕರ್‌ನಲ್ಲಿ ಸೊಗಸು. ಎರಡನ್ನೂ ಸೇರಿಸಿ ಒಂದೇ ಬಾಯಲ್ಲಿ ಕೊಡುವ ಅಗ್ಗದ ಫೋನಿನಲ್ಲಿ ಒಂದನ್ನೊಂದು ನುಂಗಿ ಹಾಕಿದ್ದವು. ಮದುವೆ ಹಾಲಿನ ಮೈಕ್ ಸೆಟ್ಟೂ ಎಲ್ಲವನ್ನೂ ಹಾಗೇ ಸೇರಿಸಿಯೇ ಕೊಡುವುದು. ಹಾಗೇ ಹಾಕಿದ್ದಿದ್ದರೆ ನಿನ್ನ ತಂಗಿಯ ಮದುವೆಯಲ್ಲಿ, ಅಷ್ಟು ಜನರೆದುರು, ಅವ್ವ ಹೇಳಿ ಹೇಳಿ ಕಾಯುತ್ತಿದ್ದರು, ನೀನು ಬರುತ್ತಿರಲಿಲ್ಲ. ಬಲಕ್ಕೆ ಕುರ್ಚಿ ಎಳೆದುಕೊಂಡು "ಒಂದಕ್ಕೇ ಹಾಕು" ಅನ್ನುವವನಿದ್ದಿದ್ದರೆ ಇದು ರೂಮಿನಲ್ಲೇ ಸಿಕ್ಕಿಬೀಳುತ್ತಿತ್ತು. ಆ ಕುರ್ಚಿ ನಿನ್ನ ಕಿವಿಗಲ್ಲ, ನನಗೋಸ್ಕರ ಇತ್ತು ಅಂತ ನೀನು ಯಾವತ್ತೂ ಹೇಳಲಿಲ್ಲವಲ್ಲೋ.

ಅಲ್ಲೇ ಊಟದ ಮೇಜಿನ ಮೇಲೆ ಹೊಸ ಜೋಡಿ ಬಿಚ್ಚಿದೆ. ಎಡದ್ದರ ವೈರು ಕಿತ್ತು, ಎರಡೂ ಕಡೆಯ ಶಬ್ದ ಸೇರಿಸಿ ಬಲಗಡೆಯದಕ್ಕೇ ಹಾಕಿದೆ. ನಿನ್ನನ್ನು ಹರಡಿದ್ದನ್ನೆಲ್ಲ ಮಡಚಿ, ಅವ್ವನ ಪಕ್ಕದಲ್ಲಿ, ನೀನು ಇದ್ದಷ್ಟೇ ಜಾಗದಲ್ಲಿ ನಿಲ್ಲಿಸಿದೆ. ನೀನು ಬಂದೆ. ಅವ್ವ ಇನ್ನೊಂದು ಸಲ ಹಾಕು ಅಂತ ಕೈಸನ್ನೆ ಮಾಡಿದರು.

ಇನ್ನು ನೀನು ಕೇಳದ ಸುದ್ದಿ. ತಂಗಿಯ ಮದುವೆ ಚೆನ್ನಾಗಿ ಆಯಿತು. ಅವಳು ಮಂಟಪಕ್ಕೆ ಬರುವಾಗ ಹಾಡು ಹಾಕಿದರು. ಅವ್ವ ಹೇಳಿದ ಪ್ರತಿ ಸಾಲಿಗೂ ಹಾಲಿನ ಮೂಲೆ ಮೂಲೆಯಿಂದ ನೀನು ತಿರುಗಿ ಹೇಳಿದೆ. ನಾನು ಹಿಂದೆ, ಚಪ್ಪಲಿ ಬಿಡುವ ಕಡೆ ನಿಂತು ಕೇಳಿದೆ. ಪಕ್ಕದಲ್ಲಿ ನೀನಿಲ್ಲದೆ ನಮ್ಮ ಹಾಡನ್ನು ಜನರ ನಡುವೆ ಕೇಳಿದ್ದು ಅದೇ ಮೊದಲು.

ಹೊರಡುವ ದಿನ ಬ್ಯಾಗು ಕಟ್ಟುತ್ತಿದ್ದೆ. ಬಲಗಡೆಯ ಸ್ಪೀಕರ್ ಅವ್ವನ ಮಡಿಲಲ್ಲಿತ್ತು. "ಇದು ಇಲ್ಲೇ ಇರಲಿ, ಆಗದಾ? ನಿಂಗೆ ಕೆಲಸ ಬಂದ್ರೆ ಇಲ್ಲಿಗೇ ಬಾ" ಅಂದರು. ಅದಿಲ್ಲದೆ ಇನ್ನೊಂದು ಮೂಗ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ವಾಪಸ್ ಕೊಟ್ಟುಬಿಡುತ್ತಿದ್ದರು.

ಈಗ ನನ್ನ ಬ್ಯಾಗಿನಲ್ಲಿ ಒಂದೇ ಪೆಟ್ಟಿಗೆ. ಗೆದ್ದೆಯಲ್ಲ ಮಾರಾಯ? ಹೊಸ ಹಾಡೊಂದು ಬಂದಿದೆ. ನಾಳೆ ಬೆಳಗಿನ ಬಸ್ಸಿಗೆ ಇದನ್ನೆತ್ತಿಕೊಂಡು ನಿಮ್ಮ ಮನೆಗೆ ಹೊರಟಿದ್ದೇನೆ, ಇನ್ನು ಬರುವ ಹಾಡಿಗೆಲ್ಲ ಹೋಗುತ್ತೇನೆ. ಅಲ್ಲಿಗೆ ಫೋನ್ ಮಾಡಿದ್ದೆ. ನಿನ್ನ ಕುರ್ಚಿಯನ್ನು ಬಲಕ್ಕೆ ಹಾಕಿಟ್ಟಿದ್ದಾರಂತೆ, ಅದರಲ್ಲಿ ಅವ್ವ ಕೂರುತ್ತಾರಂತೆ.

ನಿನ್ನ ಎಡಗಿವಿ,
ಶಿವು